ಶುಗರ್ ಎಷ್ಟಿದೆ ಅಂತ ಕೇಳ್ತೀರಿ, ನಿದ್ದೆ ಬರುತ್ತಾ ಅಂತ ಕೇಳ್ತೀರಾ?



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದ್ರು, ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದನ್ನ ನಾಳೆ ನೋಡೋಣ. ಇವತ್ತು ನಿಮ್ಮನ್ನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವರಾಂಡಕ್ಕೆ ಕರ್ಕೊಂಡು ಹೋಗ್ತೀನಿ.

ಬೆಳಗ್ಗೆ ಒಂಬತ್ತೂವರೆ. ಬಿಪಿ, ಶುಗರ್ ಇರೋರ ಸಾಲು. ಕೈಯಲ್ಲಿ ಮಡಚಿ ಮಡಚಿ ಹರಿದುಹೋಗಿರೋ ಚೀಟಿ, ಇನ್ನೊಂದು ಕೈಯಲ್ಲಿ ಖಾಲಿ ಮಾತ್ರೆ ಪಟ್ಟಿ. ಸರದಿ ಬಂತು. ನರ್ಸ್ ಬೆರಳಿಗೆ ಸೂಜಿ ಚುಚ್ಚಿದ್ರು, ತೋಳಿಗೆ ಬಿಪಿ ಪಟ್ಟಿ ಸುತ್ತಿದ್ರು. ಡಾಕ್ಟ್ರು ಕೇಳಿದ್ರು, "ಮಾತ್ರೆ ಸರಿಯಾಗಿ ತಗೋತಿದ್ದೀರಾ?" ಉತ್ತರ, "ಹೂಂ ಸರ್." "ಸಿಹಿ ಕಮ್ಮಿ ಮಾಡಿ, ವಾಕಿಂಗ್ ಮಾಡಿ. ಮುಂದಿನವರು ಬನ್ನಿ." ಎರಡು ನಿಮಿಷ. ಮುಗೀತು. ಡಾಕ್ಟರದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ಹೊರಗೆ ಇನ್ನೂ ಅಷ್ಟುದ್ದ ಸಾಲು ಇದೆ.

ಆದರೆ ಆ ಎರಡು ನಿಮಿಷದಲ್ಲಿ ಕೇಳದೇ ಉಳಿದ ಪ್ರಶ್ನೆ ಒಂದಿದೆ. ಅದರ ಬಗ್ಗೆ ಇವತ್ತಿನ ಮಾತು.

ನನ್ನ ಮನೆಯದ್ದೇ ವಿಷಯ ಹೇಳ್ತೀನಿ. ನಮ್ಮ ದೊಡ್ಡಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್. ಅಚ್ಚುಕಟ್ಟಾದ ಹೆಂಗಸು. ಮಾತ್ರೆ ತಪ್ಪಿಸಿದವರಲ್ಲ, ಹಬ್ಬದ ದಿನವೂ ಹೋಳಿಗೆಯ ಅರ್ಧ ತುಂಡು ಮುರಿದು ಪಕ್ಕಕ್ಕಿಡೋರು. ದೊಡ್ಡಪ್ಪ ತೀರಿಕೊಂಡ ಆರೇಳು ತಿಂಗಳಿಗೆ ಅವರ ಶುಗರ್ ಏರೋಕೆ ಶುರುವಾಯ್ತು. ಡೋಸ್ ಜಾಸ್ತಿ ಮಾಡಿದ್ರು, ಇಳಿಯಲಿಲ್ಲ. ಮಾತ್ರೆ ಬದಲಾಯಿಸಿದ್ರು, ಇಳಿಯಲಿಲ್ಲ. ನಾವೆಲ್ಲ ಫೋನ್ ಮಾಡಿ ಬೈದೆವು. "ಏನ್ ದೊಡ್ಡಮ್ಮ, ಕದ್ದು ಸಿಹಿ ತಿಂತಿದ್ದೀಯಾ?" ಅಂತ ನಾನೇ ತಮಾಷೆ ಮಾಡಿದ್ದೆ. ಕೊನೆಗೆ ಕಾಲಿನ ಗಾಯ ಮಾಯದೆ ಒಂದು ಬೆರಳು ತೆಗೀಬೇಕಾಯ್ತು.

ಡ್ರೆಸಿಂಗ್ ಮಾಡೋಕೆ ಬರ್ತಿದ್ದ ಸಿಸ್ಟರ್ ಒಬ್ಬರು ಒಂದು ದಿನ ಸುಮ್ಮನೆ ಕೇಳಿದ್ರು, "ಅಮ್ಮಾ, ರಾತ್ರಿ ನಿದ್ದೆ ಬರುತ್ತಾ?" ಅಷ್ಟೇ. ದೊಡ್ಡಮ್ಮ ಅರ್ಧ ಗಂಟೆ ಅತ್ತರು. ಆಮೇಲೆ ಅಡುಗೆಮನೆಯ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಸಿಕ್ಕಿದ್ದು ತಿಂಗಳುಗಟ್ಟಲೆ ನುಂಗದೇ ಇಟ್ಟಿದ್ದ ಮಾತ್ರೆಗಳು. "ಯಾರಿಗೋಸ್ಕರ ತಗೊಳ್ಳಲಿ ಸಿಸ್ಟರ್?" ಅಂದ್ರಂತೆ.

ಅಷ್ಟು ತಿಂಗಳು ನಾವೆಲ್ಲ ಕೇಳಿದ್ದು ಶುಗರ್ ಎಷ್ಟಿದೆ ಅಂತ. ದೊಡ್ಡಮ್ಮ ಹೇಗಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ.

ಇದು ಒಂದು ಮನೆಯ ಕಥೆ ಅಲ್ಲ ವೀಕ್ಷಕರೇ. ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿದ ಪ್ರಕಾರ ಈ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ, 31 ಕೋಟಿಗೂ ಹೆಚ್ಚು ಜನಕ್ಕೆ ರಕ್ತದೊತ್ತಡ. ಶುಗರ್ ಇರೋರಲ್ಲಿ ಖಿನ್ನತೆ ಕಾಣಿಸಿಕೊಳ್ಳೋದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಯಾಕೆ? ಇದು ಎರಡೂ ಕಡೆ ಹರಿಯೋ ನೀರು. ಜೀವನವಿಡೀ ಮಾತ್ರೆ, ಪಥ್ಯ, ಖರ್ಚು, ಕಣ್ಣು ಹೋಗುತ್ತಾ ಕಾಲು ಹೋಗುತ್ತಾ ಅನ್ನೋ ಭಯ, ಇವೆಲ್ಲ ಮನಸ್ಸನ್ನ ಕುಗ್ಗಿಸುತ್ತವೆ. ಮನಸ್ಸು ಕುಗ್ಗಿದಾಗ ಮಾತ್ರೆ ತಪ್ಪುತ್ತೆ, ನಡಿಗೆ ನಿಲ್ಲುತ್ತೆ, ಊಟದ ಹೊತ್ತು ಕೆಡುತ್ತೆ, ಕೆಲವರಿಗೆ ಬೀಡಿ, ಕುಡಿತ ಜಾಸ್ತಿಯಾಗುತ್ತೆ. ಒತ್ತಡದಲ್ಲಿ ದೇಹ ಬಿಡುಗಡೆ ಮಾಡೋ ಕಾರ್ಟಿಸೋಲ್ ಅನ್ನೋ ಹಾರ್ಮೋನು ರಕ್ತದ ಸಕ್ಕರೆಯನ್ನ ಇನ್ನೂ ಏರಿಸುತ್ತೆ. ಡಾಕ್ಟ್ರು ಡೋಸ್ ಏರಿಸುತ್ತಾ ಹೋಗ್ತಾರೆ, ಮಾತ್ರೆ ಡಬ್ಬಿಯಲ್ಲೇ ಕೂತಿರುತ್ತೆ.

ಹಾಗಾದ್ರೆ ಮನೋವೈದ್ಯರ ಹತ್ತಿರ ಕಳಿಸಿ ಅಂತೀರಾ? ಎಲ್ಲಿದ್ದಾರೆ ಸ್ವಾಮಿ ಮನೋವೈದ್ಯರು? ನಮ್ಮ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳೋದು ಕೇಳಿ. ಖಿನ್ನತೆ ಇರೋ 100 ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ಸಿಗ್ತಿಲ್ಲ. ಹಾಗಂತ ಸರ್ಕಾರ ಏನೂ ಮಾಡಿಲ್ಲ ಅಂದ್ರೆ ತಪ್ಪಾಗುತ್ತೆ. ಮನೋಚೈತನ್ಯ ಅನ್ನೋ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರೋ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ಒಳ್ಳೇದೇ. ಆದರೆ ಕೂಲಿ ಮಾಡೋ ಹೆಂಗಸಿನ ಲೆಕ್ಕದಲ್ಲಿ ನೋಡಿ. ಶುಗರ್ ಮಾತ್ರೆಗೆ ಒಂದು ದಿನ, ಮನಸ್ಸಿಗೆ ಇನ್ನೊಂದು ದಿನ. ಎರಡು ದಿನದ ಕೂಲಿ ಹೋಯ್ತು, ಎರಡು ಸಲ ಬಸ್ಸು ಹತ್ತಬೇಕು. ಅದರ ಮೇಲೆ, ಆ ಕೋಣೆಯ ಮುಂದೆ ಕೂತಿದ್ದನ್ನ ಊರಿನವರು ಯಾರಾದ್ರೂ ನೋಡಿದ್ರೆ? "ಅವಳಿಗೆ ತಲೆ ಕೆಟ್ಟಿದೆಯಂತೆ" ಅಂತ ಸಂಜೆಗೆ ಊರೆಲ್ಲ ಸುದ್ದಿ. ಅವಳು ಹೋಗಲ್ಲ. ನೀವಾಗಿದ್ರೂ ಹೋಗ್ತಿರಲಿಲ್ಲ.

ಆದ್ದರಿಂದ ನಾನು ಹೇಳೋದು ಇಷ್ಟೇ. ಬಿಪಿ ಮಷಿನ್ ಇರೋ ಅದೇ ಮೇಜಿನ ಹತ್ತಿರ, ಅದೇ ದಿನ, ಅದೇ ಚೀಟಿಯಲ್ಲಿ ಮನಸ್ಸಿನ ವಿಚಾರಣೆಯೂ ಆಗಬೇಕು. ಬೇರೆ ಕಟ್ಟಡ ಬೇಡ, ಬೇರೆ ಬೋರ್ಡು ಬೇಡ.

"ಹೇಳೋದು ಸುಲಭ, ನಮ್ಮಂಥ ಬಡ ದೇಶದಲ್ಲಿ ಇದೆಲ್ಲ ಆಗೋ ಮಾತಾ?" ಅಂತ ಕೇಳೋರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಕೆಲಸಕ್ಕೆ ಕೈಹಾಕಿದ್ರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಅವರ ಕೈಯಿಂದಲೇ ಮಾನಸಿಕ ಕಾಯಿಲೆಗೆ ಔಷಧಿ ಕೊಡಿಸಿದ್ರು. ಬಳ್ಳಾರಿಯ ಬಿಸಿಲಲ್ಲಿ ಆಗಿದ್ದು ದೆಹಲಿಗೆ ಮಾದರಿಯಾಯ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಇರೋದು ಅಲ್ಲೇ. ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು. ನಾವೇ ಮರೆತಿದ್ದೀವಿ.

ಇನ್ನು ಈಚಿನದು. ದೆಹಲಿ, ಚೆನ್ನೈ, ವಿಶಾಖಪಟ್ಟಣ ಮತ್ತು ನಮ್ಮ ಬೆಂಗಳೂರಿನ ನಾಲ್ಕು ಮಧುಮೇಹ ಚಿಕಿತ್ಸಾಲಯಗಳಲ್ಲಿ 404 ರೋಗಿಗಳ ಮೇಲೆ ಒಂದು ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯ್ತು. ಎಲ್ಲರಿಗೂ ಮಧುಮೇಹ, ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಒಂದಾದ್ರೂ ಹಿಡಿತದಲ್ಲಿಲ್ಲ, ಜೊತೆಗೆ ಖಿನ್ನತೆಯ ಲಕ್ಷಣ. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಒಬ್ಬ ಆರೈಕೆ ಸಂಯೋಜಕ. ಇವರು ಮನೋವೈದ್ಯರಲ್ಲ, ತರಬೇತಿ ಪಡೆದವರು. ರೋಗಿಯ ಜೊತೆ ಕೂತು ಮಾತಾಡ್ತಾರೆ, ಮಾತ್ರೆ ಯಾಕೆ ತಪ್ಪುತ್ತಿದೆ ಅಂತ ಕೇಳ್ತಾರೆ, ಬರೆದಿಡ್ತಾರೆ, ಸುಧಾರಿಸದವರ ಪಟ್ಟಿಯನ್ನ ಆಗಾಗ ತಜ್ಞರ ಮುಂದಿಡ್ತಾರೆ. ಎರಡು ವರ್ಷದ ಕೊನೆಗೆ ಲೆಕ್ಕ ಹಾಕಿದ್ರು. ಖಿನ್ನತೆ ಅರ್ಧಕ್ಕಾದ್ರೂ ಇಳಿದು, ಜೊತೆಗೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್‌ನಲ್ಲಿ ಒಂದಾದ್ರೂ ಗಣನೀಯವಾಗಿ ಇಳಿದವರು ಎಷ್ಟು? ಎಂದಿನ ಚಿಕಿತ್ಸೆಯಲ್ಲಿ 100ಕ್ಕೆ 57. ಸಂಯೋಜಕರಿದ್ದ ಕಡೆ 100ಕ್ಕೆ ಸುಮಾರು 72.

ಅವೆಲ್ಲ ಪಟ್ಟಣದ ಕ್ಲಿನಿಕ್‌ಗಳು, ಹಳ್ಳಿಯಲ್ಲಿ ಆಗುತ್ತಾ? ಆಗಿನ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಇದೇ ದಾರಿಯನ್ನ ಪರೀಕ್ಷೆ ಮಾಡಿದ್ದಾರೆ. ಅಲ್ಲೂ ರೋಗಿಗಳ ಮನಸ್ಸಿನ ಭಾರ ಇಳಿದದ್ದು ಕಂಡಿದೆ.

ಈಗ ಇನ್ನೊಂದು ಮಾತು. ಇದನ್ನ ಕೇಳಿದ್ರೆ ನಿಮಗೆ ಆಶ್ಚರ್ಯ ಆಗಬಹುದು.

ಮೂವತ್ತು ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ಫಾರಂ ಹಿಡ್ಕೊಂಡು ಬರ್ತಾರಲ್ಲ, ಬಿಪಿ, ಶುಗರ್, ಕ್ಯಾನ್ಸರ್ ಲಕ್ಷಣ ಇದೆಯಾ ಅಂತ ಕೇಳೋಕೆ? ಪರಿಷ್ಕೃತ ಫಾರಂನ ಕೊನೆಯ ಭಾಗದಲ್ಲಿ ಎರಡು ಪ್ರಶ್ನೆ ಇದೆ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ, ಖುಷಿ ಇಲ್ಲ ಅಂತ ಅನ್ನಿಸಿದೆಯಾ? ಮನಸ್ಸು ಕುಗ್ಗಿದೆ, ಯಾವ ಭರವಸೆಯೂ ಇಲ್ಲ ಅಂತ ಅನ್ನಿಸಿದೆಯಾ? ಅಂಕ ಹೆಚ್ಚು ಬಂದರೆ ಆರೋಗ್ಯಾಧಿಕಾರಿ ಹತ್ತಿರ ಕಳಿಸಬೇಕು ಅಂತಲೂ ಬರೆದಿದೆ.

ಅಂದರೆ ಪ್ರಶ್ನೆ ಆಗಲೇ ಅಚ್ಚಾಗಿದೆ! ಅಷ್ಟೇ ಅಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ತೆಗೆದು ನೋಡಿ. ಪ್ರಾಥಮಿಕ ಹಂತದಿಂದ ಹಿಡಿದು ಎಲ್ಲ ಹಂತದ ಸಾಮಾನ್ಯ ಆರೋಗ್ಯ ಸೇವೆಯಲ್ಲಿ, ಸರ್ಕಾರದ ಎಲ್ಲ ಆರೋಗ್ಯ ಕಾರ್ಯಕ್ರಮದಲ್ಲಿ ಮಾನಸಿಕ ಆರೋಗ್ಯವನ್ನ ಸೇರಿಸಬೇಕು ಅಂತಿದೆ. ಇದು ಸರ್ಕಾರದ ಕೃಪೆ ಅಲ್ಲ, ನಿಮ್ಮ ಹಕ್ಕು.

ಕಾನೂನಿದೆ, ಫಾರಂ ಇದೆ, ಮಾದರಿ ಇದೆ. ಮತ್ತೆ ಇಲ್ಲದಿರೋದು ಏನು?

ಆ ಪ್ರಶ್ನೆಗೆ ಬರೋ ಉತ್ತರವನ್ನ ಕೇಳಿಸಿಕೊಳ್ಳೋ ಮನುಷ್ಯ ಇಲ್ಲ. ಅಂಗಳದಲ್ಲಿ ಅತ್ತೆ, ಗಂಡ, ಪಕ್ಕದ ಮನೆಯವರು ನಿಂತಿರುವಾಗ "ನಿಮಗೆ ಬೇಜಾರಾಗುತ್ತಾ?" ಅಂತ ಕೇಳಿದ್ರೆ ಯಾವ ಸೊಸೆ ಹೌದು ಅಂತಾಳೆ? ಇಲ್ಲ ಅಂತ ಟಿಕ್ ಬೀಳುತ್ತೆ. ಹೌದು ಅಂದ್ರೂ ಮುಂದೇನು? ಪ್ರಶ್ನೆ ಕೇಳಿ, ಗಾಯ ತೆರೆದು, ಹಾಗೇ ಬಿಟ್ಟು ಬರೋದು ಕೇಳದೇ ಇರೋದಕ್ಕಿಂತ ಕೆಟ್ಟದ್ದು.

ಇನ್ನು ಆ ಆಶಾ ಕಾರ್ಯಕರ್ತೆ. ಬಾಣಂತಿ ಅವರೇ ನೋಡ್ಬೇಕು, ಲಸಿಕೆ ಅವರೇ, ಸಮೀಕ್ಷೆ ಅವರೇ. ಗೌರವಧನಕ್ಕಾಗಿ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತೋರೂ ಅವರೇ. ಅವರ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟು "ಸಂಯೋಜನೆ ಆಯ್ತು" ಅಂತ ವರದಿ ಬರೆದ್ರೆ, ಅದಕ್ಕೆ ನನ್ನ ವಿರೋಧ ಇದೆ.

ಆಗಬೇಕಾದ್ದು ದೊಡ್ಡ ಬ್ರಹ್ಮವಿದ್ಯೆ ಏನಲ್ಲ. ಒಂದು, ಬಿಪಿ-ಶುಗರ್ ನೋಡೋ ಕಡೆ ಈ ಕೆಲಸಕ್ಕೇ ಸಮಯ ಮತ್ತು ಸಂಬಳ ಇರೋ ಒಬ್ಬ ತರಬೇತಿ ಪಡೆದ ವ್ಯಕ್ತಿ. ಎರಡು, ಒಂದು ಪರದೆ ಹಾಕಿದ ಮೂಲೆ, ಎರಡು ಕುರ್ಚಿ. ಮೂರು, ಖಿನ್ನತೆಯ ಮಾತ್ರೆ ಶುಗರ್ ಮಾತ್ರೆಯ ಪಕ್ಕದಲ್ಲೇ ಸಿಗಬೇಕು, ಸ್ಟಾಕ್ ಇಲ್ಲ ಅನ್ನಬಾರದು. ನಾಲ್ಕು, ಜಿಲ್ಲೆಯ ಮನೋವೈದ್ಯರು ವಾರಕ್ಕೊಮ್ಮೆ ಫೋನಿನಲ್ಲಾದ್ರೂ ಕಷ್ಟದ ಪ್ರಕರಣಗಳನ್ನ ಪರಿಶೀಲಿಸಬೇಕು. ಐದು, ಬಾರದೇ ಹೋದವರನ್ನ ಹುಡುಕಿ ಕರೆಯಬೇಕು. ಯಾಕಂದ್ರೆ ಖಿನ್ನತೆ ಇರೋರು ಬಾರದೇ ಹೋಗೋದೇ ಹೆಚ್ಚು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀನಿ. ಎಲ್ಲ ದುಃಖವೂ ಕಾಯಿಲೆ ಅಲ್ಲ. ಮಳೆ ಬಾರದೆ ಬೆಳೆ ಒಣಗಿದವನಿಗೆ, ಸಾಲದವನು ಬಾಗಿಲಿಗೆ ಬಂದು ನಿಂತವನಿಗೆ ಮಾತ್ರೆಯೊಂದೇ ಪರಿಹಾರ ಅಂತ ಯಾರೂ ಹೇಳಬಾರದು. ಎಷ್ಟೋ ಜನಕ್ಕೆ ಬೇಕಾಗಿರೋದು ಕೆಲವು ಸಲದ ಸರಿಯಾದ ಮಾತುಕತೆ. ಗೋವಾದ ಆರೋಗ್ಯ ಕೇಂದ್ರಗಳಲ್ಲಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಆರರಿಂದ ಎಂಟು ಭೇಟಿಯ ಆಪ್ತ ಸಮಾಲೋಚನೆಯಿಂದ ಖಿನ್ನತೆ ಇಳಿಸಿದ್ದಾರೆ. ಮಾತ್ರೆ ಯಾರಿಗೆ, ಮಾತು ಯಾರಿಗೆ ಅಂತ ಗುರುತಿಸೋಕೆ ಮೊದಲು ಕೇಳಬೇಕಲ್ಲ?

ಇದರ ಇನ್ನೊಂದು ಮುಖವನ್ನೂ ನೋಡಿ. ತೀವ್ರ ಮಾನಸಿಕ ಕಾಯಿಲೆ ಇರೋರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯ್ತಾರೆ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಬಹುಪಾಲು ಸಾವು ಹೃದಯದ ಕಾಯಿಲೆಯಂಥ ದೇಹದ ಕಾಯಿಲೆಗಳಿಂದ. ಅವರು ಎದೆನೋವು ಅಂದ್ರೆ "ಇವನದ್ದು ಇದ್ದಿದ್ದೇ" ಅಂತ ಸುಮ್ಮನಾಗಿಬಿಡ್ತೀವಿ. ಶುಗರ್‌ನವರ ಮನಸ್ಸು ನೋಡಲ್ಲ, ಮನಸ್ಸಿನ ಕಾಯಿಲೆಯವರ ಶುಗರ್ ನೋಡಲ್ಲ. ಮನುಷ್ಯ ಒಬ್ಬನೇ. ಅವನನ್ನ ಎರಡು ತುಂಡು ಮಾಡಿದ್ದು ನಮ್ಮ ಓಪಿಡಿ ಕೋಣೆಗಳು.

ಕೊನೆಯದಾಗಿ ನಿಮಗೆ. ಸರ್ಕಾರ ಮಾಡೋದು ಮಾಡಲಿ, ನಾವು ಬೆನ್ನು ಬಿಡಲ್ಲ. ಆದರೆ ಈ ಕಾರ್ಯಕ್ರಮ ಮುಗಿದ ಮೇಲೆ ಟಿವಿ ಆರಿಸಿ, ಮನೆಯಲ್ಲಿ ಬಿಪಿ-ಶುಗರ್ ಇರೋ ಅಪ್ಪನನ್ನೋ, ಅಜ್ಜಿಯನ್ನೋ ಪಕ್ಕಕ್ಕೆ ಕೂರಿಸಿಕೊಳ್ಳಿ. ಮಾತ್ರೆ ತಗೊಂಡ್ಯಾ ಅಂತ ಕೇಳಬೇಡಿ, ಅದನ್ನ ದಿನಾ ಕೇಳ್ತೀರಿ. ನಿದ್ದೆ ಬರುತ್ತಾ, ಊಟ ರುಚಿಸುತ್ತಾ, ಮನಸ್ಸಿನಲ್ಲಿ ಏನಿದೆ ಅಂತ ಕೇಳಿ. ಕೇಳಿ ಸುಮ್ಮನಿರಿ, ಉಪದೇಶ ಮಾಡಬೇಡಿ. ಎರಡು ವಾರ ದಾಟಿದರೂ ಮಂಕು ಇಳಿಯದಿದ್ರೆ ಅವರ ಶುಗರ್ ನೋಡೋ ಡಾಕ್ಟರಿಗೇ ಹೇಳಿ. ಬದುಕೇ ಬೇಡ ಅನ್ನೋ ಮಾತು ಬಂದ್ರೆ ಒಂದು ಗಂಟೆಯೂ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ, ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ ಇದೆ, 14416. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಚೀಟಿಯ ಹಿಂದೆ ಬರೆದಿಟ್ಟುಕೊಳ್ಳಿ.

ನಮ್ಮ ದೊಡ್ಡಮ್ಮ ಈಗ ಪರವಾಗಿಲ್ಲ. ಶುಗರ್ ಇಳಿದಿದೆ. ಕೋಲು ಹಿಡಿದು ಪಕ್ಕದ ಮನೆಯವರ ಜೊತೆ ದೇವಸ್ಥಾನದವರೆಗೆ ಹೋಗಿ ಬರ್ತಾರೆ. ಆ ಸಿಸ್ಟರ್ ಈಗಲೂ ಫೋನ್ ಮಾಡ್ತಾರೆ. ಆದರೆ ಬೆರಳು ಹೋಗಿದ್ದು ಹೋಯ್ತು. ಆ ಪ್ರಶ್ನೆಯನ್ನ ಆರು ತಿಂಗಳು ಮೊದಲು ಯಾರಾದ್ರೂ ಕೇಳಿದ್ದಿದ್ರೆ? ನಾನೇ ಕೇಳಿದ್ದಿದ್ರೆ?