ಅಚ್ಚೇರಿನ ಲೆಕ್ಕ: ಪ್ರಾಥಮಿಕ ಶಾಲೆಯ ಉಪಾಧ್ಯಾಯರನ್ನು ಸಿದ್ಧಗೊಳಿಸುವ ಬಗೆ

(ಐಸೆಲಿನ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಮಗನ ಮನೆಗೆಂದು ಮೈಸೂರಿನಿಂದ ಬಂದ ನಮ್ಮನ್ನು ಹಿಡಿದು ಉಪನ್ಯಾಸಕ್ಕೆ ನಿಲ್ಲಿಸಿದ್ದೀರಿ. ನಿಮ್ಮ ಪ್ರೀತಿಗೆ ಕೃತಜ್ಞರಾಗಿದ್ದೇವೆ. ನಾವು ಆಯ್ದುಕೊಂಡಿರುವ ವಿಷಯ ಕೆಲವರಿಗೆ ನೀರಸವೆನಿಸೀತು. ಬಂದ ವಾರದಲ್ಲೇ ನಡೆದ ಒಂದು ಪ್ರಸಂಗ ಅದನ್ನು ಆಯುವಂತೆ ಮಾಡಿತು. ಪರಿಚಿತರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ, ಕಾಲೇಜು ಸೇರಲಿರುವ ಹುಡುಗಿಯೊಬ್ಬಳು ತಾನು ಎರಡನೆಯ ತರಗತಿಯ ಮಕ್ಕಳಿಗೆ ಟೀಚರ್ ಆಗುವೆನೆಂದಳು. ಪಂಕ್ತಿ ಕ್ಷಣಕಾಲ ಮೌನವಾಯಿತು. ಬಳಿಕ ಹಿರಿಯರೊಬ್ಬರು, "ಕೂಡುವುದು ಕಳೆಯುವುದು ಹೇಳಿಕೊಡಲು ನಾಲ್ಕು ವರ್ಷ ಓದಬೇಕೆ?" ಎಂದರು. ಅತಿಥಿಗಳಾದ ಕಾರಣ ಅಂದು ಸುಮ್ಮನಿದ್ದೆವು. ಉತ್ತರವನ್ನು ಇಂದು ಹೇಳುತ್ತಿದ್ದೇವೆ.

ಹೈಸ್ಕೂಲಿನ ಉಪಾಧ್ಯಾಯರು ತಮ್ಮ ಒಂದು ವಿಷಯದ ಕೋಟೆಯೊಳಗೆ ಸುರಕ್ಷಿತರು. ಪ್ರಾಥಮಿಕ ಶಾಲೆಯವರಿಗೆ ಆ ಸೌಕರ್ಯವಿಲ್ಲ. ಬೆಳಗ್ಗೆ ಕಥೆ, ಆಮೇಲೆ ಭಿನ್ನರಾಶಿ, ಮಧ್ಯಾಹ್ನ ಮೊಳಕೆಯೊಡೆದ ಬೀಜ, ಸಂಜೆಗೆ ಊರಿನ ನಕ್ಷೆ, ಇಷ್ಟನ್ನೂ ಒಬ್ಬರೇ ನಿರ್ವಹಿಸಬೇಕು. ಇದು ಹೊಸ ಚಿಂತೆಯೇನಲ್ಲ. ನ್ಯೂಜರ್ಸಿಯಲ್ಲಿ ಉಪಾಧ್ಯಾಯರಿಗಾಗಿಯೇ ಟ್ರೆಂಟನ್‌ನಲ್ಲಿ ನಾರ್ಮಲ್ ಸ್ಕೂಲು ತೆರೆದದ್ದು 1855ರಲ್ಲಿ; ಇಂದಿನ ಕಾಲೇಜ್ ಆಫ್ ನ್ಯೂಜರ್ಸಿ ಅದರಿಂದ ಬೆಳೆದದ್ದು. ಈ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಕರಾಗಬಯಸುವವರು ಭಾಷೆ, ಗಣಿತ, ಸಮಾಜ, ವಿಜ್ಞಾನ ಎಂಬ ನಾಲ್ಕು ಭಾಗಗಳ ಪರೀಕ್ಷೆಯನ್ನು ಎದುರಿಸಬೇಕು. 2025ರ ಜನವರಿ 1ರಿಂದ ಮೂಲಭೂತ ಕೌಶಲಗಳ ಪರೀಕ್ಷೆಯನ್ನು ತೆಗೆದುಹಾಕಿದಾಗ ಬಹಳ ಗದ್ದಲವಾಯಿತು; ಆದರೆ ತೆಗೆದದ್ದು ಬೇರೊಂದು ಪರೀಕ್ಷೆಯನ್ನು, ವಿಷಯಜ್ಞಾನದ ಪರೀಕ್ಷೆಯನ್ನಲ್ಲ.

ಪರೀಕ್ಷೆಯ ಮಾತು ಹಾಗಿರಲಿ. ಲಿಪಿಂಗ್ ಮಾ ಎಂಬ ಚೀನೀ ವಿದುಷಿ 1999ರಲ್ಲಿ ಪ್ರಕಟಿಸಿದ ಗ್ರಂಥವೊಂದನ್ನು ಓದಿದಂದಿನಿಂದ ನಮಗೆ ಬೇರೊಂದು ಪ್ರಶ್ನೆ ಕಾಡುತ್ತಿದೆ. ಆಕೆ ಅಮೆರಿಕದ 23, ಚೀನಾದ 72 ಪ್ರಾಥಮಿಕ ಶಿಕ್ಷಕರನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಮತ್ತು ಆ ಲೆಕ್ಕಕ್ಕೆ ಹೊಂದುವ ಒಂದು ಕಥೆಯನ್ನು ಹೇಳಿ. ಚೀನಾದವರೆಲ್ಲರೂ ಲೆಕ್ಕವನ್ನು ಸರಿಯಾಗಿ ಮಾಡಿದರು. ಇಲ್ಲಿಯವರಲ್ಲಿ ಪೂರ್ತಿ ಸರಿಯಾಗಿ ಮಾಡಿದವರು 9 ಮಂದಿ. ಸರಿಯಾದ ಕಥೆ ಹೇಳಿದವರು ಒಬ್ಬರೇ. ಅನೇಕರು ಅರ್ಧದಿಂದ ಭಾಗಿಸುವುದನ್ನೂ ಇಬ್ಬರಿಗೆ ಹಂಚುವುದನ್ನೂ ಒಂದೇ ಎಂದು ತಿಳಿದರು. ಸೋಜಿಗವೆಂದರೆ, ಆ ಚೀನೀ ಶಿಕ್ಷಕರಲ್ಲಿ ಹೆಚ್ಚಿನವರು ಒಂಬತ್ತು ವರ್ಷ ಶಾಲೆ ಓದಿ, ಎರಡು ಮೂರು ವರ್ಷ ನಾರ್ಮಲ್ ಸ್ಕೂಲು ಮುಗಿಸಿದವರು. ಪದವೀಧರರು ಈ ಕಡೆಯವರೇ!

ಈ ಕಥೆ ನಮ್ಮ ಅಜ್ಜಿಯರಿಗೆ ಕಷ್ಟವಾಗುತ್ತಿರಲಿಲ್ಲ. ಒಂದೂಮುಕ್ಕಾಲು ಸೇರು ಅಕ್ಕಿಯನ್ನು ಅಚ್ಚೇರಿನಿಂದ ಅಳೆದರೆ ಎಷ್ಟು ಬಾರಿ ಆಗುತ್ತದೆ? ಸೇರಿಗೆ ನಾಲ್ಕು ಪಾವು. ಒಟ್ಟು ಏಳು ಪಾವು. ಅಚ್ಚೇರಿಗೆ ಎರಡು ಪಾವು. ಮೂರು ಸಲ ತುಂಬಿ ಸುರಿದ ಮೇಲೆ ಒಂದು ಪಾವು ಉಳಿಯುತ್ತದೆ. ಈ ಹಂತದಲ್ಲಿ ಮಗು, "ಮೂರೂಕಾಲು" ಎನ್ನುತ್ತದೆ. ನಾವು ತರಬೇತಿ ಕೊಡುತ್ತಿದ್ದವರಲ್ಲಿಯೂ ಕೆಲವರು ಹಾಗೆಂದದ್ದುಂಟು. ಉಳಿದದ್ದು ಕಾಲು ಸೇರೆಂಬುದು ನಿಜ. ಆದರೆ ನಾವೀಗ ಅಳೆಯುತ್ತಿರುವುದು ಸೇರಿನಿಂದಲ್ಲ, ಅಚ್ಚೇರಿನಿಂದ. ಅಚ್ಚೇರಿಗೆ ಅದು ಅರ್ಧ. ಉತ್ತರ ಮೂರೂವರೆ. ಒಳ್ಳೆಯ ಉಪಾಧ್ಯಾಯಿನಿ "ತಪ್ಪು" ಎಂದು ಕೆಂಪು ಗೆರೆ ಎಳೆಯದೆ, "ಯಾವುದರ ಕಾಲು?" ಎಂದು ಕೇಳುತ್ತಾಳೆ. ಆ ಒಂದು ಪ್ರಶ್ನೆಯನ್ನು ಸಕಾಲಕ್ಕೆ ಕೇಳುವುದಕ್ಕೆ ನಾಲ್ಕು ವರ್ಷ ಬೇಕು, ಹಿರಿಯರೇ.

ಇನ್ನೊಂದು ಸಂಗತಿ. ಮೂರು ಕಾಲು ಸೇರಿ ಮುಕ್ಕಾಲು ಎಂಬುದು ಗಣಿತವೂ ಹೌದು, ವ್ಯಾಕರಣವೂ ಹೌದು. ಸಂಸ್ಕೃತದ ಪಾದವೂ ಹೀಗೆಯೇ. ನಡೆಯುವ ಕಾಲಿಗೂ ನಾಲ್ಕನೆಯ ಒಂದು ಭಾಗಕ್ಕೂ ಒಂದೇ ಹೆಸರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಹಳೆಯ ಶಾಲೆಗಳಲ್ಲಿ ರಾಗವಾಗಿ ಹೇಳಿಸುತ್ತಿದ್ದರು. ಅರ್ಥ ತಿಳಿಸುತ್ತಿದ್ದವರು ವಿರಳ, ಬೆತ್ತ ಹಿಡಿದವರು ಧಾರಾಳ. ಅಕ್ಕಿ ಬೆಳೆದ ಗದ್ದೆ, ಅದಕ್ಕೆ ಹರಿದ ಕಾಲುವೆ ಎಂದು ಮುಂದುವರಿದರೆ ವಿಜ್ಞಾನವೂ ಭೂಗೋಳವೂ ಅದೇ ಪಾಠದೊಳಗೆ ಬರುತ್ತವೆ. ಮಗುವಿಗೆ ಇವೆಲ್ಲ ಒಂದೇ ಲೋಕ. ಗಂಟೆ ಬಾರಿಸಿ ಅದನ್ನು ತುಂಡರಿಸಿದವರು ನಾವು.

ತರಬೇತಿಯಲ್ಲಿ ನಾವು ಮಾಡಿದ್ದಾದರೂ ಏನು? ಭಾಷೆಯ ಬೋಧನಾಕ್ರಮ ಒಂದು ಪಿರಿಯಡ್ಡಿನಲ್ಲಿ, ಗಣಿತದ್ದು ಇನ್ನೊಂದರಲ್ಲಿ. ಟಿ.ಸಿ.ಎಚ್. ಎಂದು ಕರೆದಾಗಲೂ ಹಾಗೆಯೇ, ಅದು ಡಿ.ಎಡ್. ಆದಾಗಲೂ ಹಾಗೆಯೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದರಂತೆ ಡಯಟ್‌ಗಳು ಹುಟ್ಟಿದವು. ಕಟ್ಟಡಗಳು ಎದ್ದಷ್ಟು ಬೇಗ ಕ್ರಮ ಬದಲಾಗಲಿಲ್ಲ. ಈ ದೋಷದಲ್ಲಿ ನಮಗೂ ಪಾಲಿದೆ.

ಬದಲಾವಣೆ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳ ಕಲಿಕಾ ಕಾರ್ಡುಗಳನ್ನು ಕಂಡು, ಯುನಿಸೆಫ್ ನೆರವಿನಿಂದ ತಮ್ಮವೇ ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ರಚಿಸಿಕೊಂಡರು. ಅದೇ "ನಲಿ ಕಲಿ". ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕುಳಿತು ತಮ್ಮ ತಮ್ಮ ವೇಗಕ್ಕೆ ಮೆಟ್ಟಿಲೇರುವ ಕ್ರಮ. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆಲ್ಲ ಹಬ್ಬಿಸಿದರು. ಕಾರ್ಡುಗಳನ್ನು ತಾವೇ ಬರೆದ ಶಿಕ್ಷಕರ ಉತ್ಸಾಹ, ಅಚ್ಚಾದ ಪೆಟ್ಟಿಗೆಯನ್ನು ಆದೇಶದೊಡನೆ ಪಡೆದವರಿಗೆ ಹೇಗೆ ಬಂದೀತು? ಒಳ್ಳೆಯ ಕ್ರಮವನ್ನು ಸುತ್ತೋಲೆಯಿಂದ ಹರಡಬಹುದೆಂಬುದು ನಮ್ಮವರ ಹಳೆಯ ಭ್ರಮೆ.

ಶಿಕ್ಷಕಿಯ ಭಯದ ವಿಷಯವನ್ನೂ ಹೇಳಬೇಕು. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಎರಡನೆಯ ತರಗತಿಗಳ ಶಿಕ್ಷಕಿಗೆ ಗಣಿತದ ಅಂಜಿಕೆ ಹೆಚ್ಚಿದ್ದಷ್ಟೂ ವರ್ಷಾಂತ್ಯಕ್ಕೆ ಆಕೆಯ ತರಗತಿಯ ಹುಡುಗಿಯರಲ್ಲಿ "ಲೆಕ್ಕ ಹುಡುಗರದ್ದು" ಎಂಬ ಭಾವನೆ ಹೆಚ್ಚು ಕಂಡಿತು. ಹಾಗೆ ನಂಬಿದವರ ಗಣಿತವೂ ಹಿಂದೆ ಬಿದ್ದಿತು. ಹುಡುಗರಲ್ಲಿ ಆ ಪರಿಣಾಮ ಕಾಣಲಿಲ್ಲ. ಹೆಣ್ಣುಮಕ್ಕಳ ಎಂಜಿನಿಯರಿಂಗ್ ಸೀಟಿಗಾಗಿ ಹನ್ನೆರಡನೆಯ ತರಗತಿಯಲ್ಲಿ ಪರದಾಡುವ ತಂದೆತಾಯಿಗಳು, ಅದರ ಅಸ್ತಿವಾರ ಯಾವ ಕೈಗಳಲ್ಲಿತ್ತೆಂದು ಯೋಚಿಸುವುದಿಲ್ಲ.

ಭಾರತದ ಸುಪ್ರೀಂ ಕೋರ್ಟು 2023ರ ಆಗಸ್ಟಿನಲ್ಲಿ, ಬಿ.ಎಡ್. ಪದವಿ ಪ್ರಾಥಮಿಕ ತರಗತಿಗಳ ಬೋಧನೆಗೆ ಅರ್ಹತೆಯಾಗದೆಂದು ತೀರ್ಪಿತ್ತಿತು. ಅನೇಕ ನಿರುದ್ಯೋಗಿ ಪದವೀಧರರಿಗೆ ಅದು ಕಠೋರವಾಗಿತ್ತು. ಆದರೂ ಚಿಕ್ಕ ಮಕ್ಕಳಿಗೆ ಕಲಿಸುವುದು ದೊಡ್ಡವರಿಗೆ ಕಲಿಸುವುದರ ಕಿರಿಯ ರೂಪವಲ್ಲ, ಬೇರೆಯೇ ವಿದ್ಯೆ ಎಂಬುದನ್ನು ನ್ಯಾಯಪೀಠ ಮನಗಂಡದ್ದು ನಮಗೆ ಸಮಾಧಾನ ತಂದಿತು.

ಆ ಹುಡುಗಿ ಇಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಹೆಸರು ಹೇಳೆವು. ನಿಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮುಂದಿನ ವಾರ ಆಕೆಯೊಡನೆ ನಾವೂ ಮಕ್ಕಳ ಜೊತೆ ಅಕ್ಕಿ ಅಳೆಯಲಿದ್ದೇವೆ. ಓಕ್ ಟ್ರೀ ರಸ್ತೆಯ ಅಂಗಡಿಗಳಲ್ಲಿ ಅಕ್ಕಿಗೇನೂ ಬರವಿಲ್ಲ; ಆದರೆ ಅಲ್ಲಿ ಸಿಕ್ಕುವುದು ಪೌಂಡಿನ ಲೆಕ್ಕ. ಯಾರ ಮನೆಯಲ್ಲಾದರೂ ಊರಿನಿಂದ ತಂದ ಸೇರು, ಅಚ್ಚೇರು, ಪಾವುಗಳಿದ್ದರೆ ದಯವಿಟ್ಟು ತನ್ನಿ.