ಕಾವಲುಗಾರನ ಕೈಗೆ ಕೋಲು



ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? ಸರ್ಕಾರದೊಳಗಿನ ಭ್ರಷ್ಟಾಚಾರವನ್ನು ಸರ್ಕಾರವೇ ತನಿಖೆ ಮಾಡಬೇಕಾದಾಗ ನಮ್ಮ ಮುಂದೆ ನಿಲ್ಲುವ ಪ್ರಶ್ನೆ ಇದೇ. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗವು ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಎಂಬ ಸ್ವತಂತ್ರ ಸಂಸ್ಥೆಗಳನ್ನು ಶಿಫಾರಸು ಮಾಡಿತು. ಲೋಕಪಾಲ ಕಾಯಿದೆಗಾಗಿ ದೇಶವು 2013ರವರೆಗೆ ಕಾಯಬೇಕಾಯಿತು. ಪ್ರಥಮ ಲೋಕಪಾಲರ ನೇಮಕವಾದದ್ದು 2019ರಲ್ಲಿ. ನಮ್ಮ ಕರ್ನಾಟಕವಾದರೋ, ರಾಮಕೃಷ್ಣ ಹೆಗಡೆಯವರ ಆಡಳಿತದಲ್ಲಿ ರೂಪಿಸಿದ 1984ರ ಕಾಯಿದೆಯನ್ನು 1986ರಲ್ಲಿಯೇ ಜಾರಿಗೆ ತಂದಿತು.

ಈ ಕಾಯಿದೆಯಡಿ ಮುಖ್ಯಮಂತ್ರಿಯೂ ವಿಚಾರಣೆಗೆ ಒಳಪಟ್ಟವರೇ. ಆದರೆ ಲೋಕಾಯುಕ್ತದ ನಿಜವಾದ ಬಲವಿದ್ದುದು ಅದರೊಂದಿಗೆ ಕಾರ್ಯನಿರ್ವಹಿಸುತ್ತಿದ್ದ ಪೊಲೀಸ್ ವಿಭಾಗದಲ್ಲಿ. ಲಂಚ ಪಡೆಯುವವರನ್ನು ಬಲೆಗೆ ಬೀಳಿಸುವ, ಅಕ್ರಮ ಆಸ್ತಿಯ ಮೇಲೆ ದಾಳಿ ನಡೆಸುವ ಅಧಿಕಾರ ಅದಕ್ಕಿತ್ತು. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಿಂದ 2006ರವರೆಗೆ ಕಚೇರಿ, ಆಸ್ಪತ್ರೆಗಳಿಗೆ ಅನಿರೀಕ್ಷಿತ ಭೇಟಿಯಿತ್ತು ಸಾಮಾನ್ಯರಲ್ಲಿ ಭರವಸೆ ಮೂಡಿಸಿದರು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ 2011ರ ಗಣಿ ವರದಿಯು ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆಯೆಂದಿತು; ಅದೇ ಜುಲೈನಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆಯಿತ್ತರು. ಗಣಿಗಾರಿಕೆಗೆ ಸಂಬಂಧಿಸಿದ ಸಿಬಿಐ ಪ್ರಕರಣದಲ್ಲಿ ಅವರು 2016ರಲ್ಲಿ ಖುಲಾಸೆಗೊಂಡರೆಂಬುದನ್ನೂ ಹೇಳುವುದು ನ್ಯಾಯ. ತನಿಖೆ ಕಾವಲುಗಾರನ ಕೆಲಸ, ತೀರ್ಪು ನ್ಯಾಯಾಲಯದ ಕೆಲಸ.

ಅದೇ 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಒಂದು ಆದೇಶದ ಮೂಲಕ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿತು. ಲೋಕಾಯುಕ್ತ ಪೊಲೀಸರ ಅಧಿಕಾರ ಆ ದಳದ ಪಾಲಾಯಿತು. ಕಾವಲುಗಾರನು ಉಳಿದ, ಕೋಲು ಹೋಯಿತು. 2022ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯವು ದಳವನ್ನು ರದ್ದುಪಡಿಸಿದ ಮೇಲೆಯೇ ಆ ಕೋಲು ಮರಳಿ ಬಂದದ್ದು. ಇತ್ತ ಸಂಸ್ಥೆಯೊಳಗೂ ಕಳಂಕ ತಟ್ಟದೆ ಇರಲಿಲ್ಲ. ಮಗನ ಮೇಲಿನ ಸುಲಿಗೆ ಆರೋಪದ ಹಿನ್ನೆಲೆಯಲ್ಲಿ 2015ರಲ್ಲಿ ಲೋಕಾಯುಕ್ತರೇ ರಾಜೀನಾಮೆಯಿತ್ತರು. ಆದುದರಿಂದ ನೇಮಿಸುವವರು ಯಾರು, ಪೊಲೀಸರು ಯಾರ ಮಾತು ಕೇಳುತ್ತಾರೆ, ತನಿಖೆಗೆ ಅನುಮತಿ ಕೊಡುವವರು ಯಾರು ಎಂಬ ಮೂರು ಪ್ರಶ್ನೆಗಳಲ್ಲಿಯೇ ಸ್ವಾತಂತ್ರ್ಯದ ಸತ್ವ ಅಡಗಿದೆ.

ತಾವು ನೆಲೆಸಿರುವ ಈ ಸಿಂಗಪುರ ಮೂರನೆಯ ಪ್ರಶ್ನೆಗೆ ಒಂದು ಉತ್ತರ ಕಂಡುಕೊಂಡಿದೆ. 1951ರ ಅಫೀಮು ದರೋಡೆಯಲ್ಲಿ ಪೊಲೀಸರೇ ಭಾಗಿಗಳೆಂದು ಕಂಡುಬಂದ ಮೇಲೆ, 1952ರಲ್ಲಿ ಪೊಲೀಸ್ ಇಲಾಖೆಯಿಂದ ಪ್ರತ್ಯೇಕವಾದ ತನಿಖಾ ಸಂಸ್ಥೆ ಇಲ್ಲಿ ಹುಟ್ಟಿತು. ಪ್ರಧಾನಿಯು ತನಿಖೆಗೆ ಒಪ್ಪದಿದ್ದರೂ ರಾಷ್ಟ್ರಾಧ್ಯಕ್ಷರ ಸಮ್ಮತಿಯಿಂದ ಅದನ್ನು ಮುಂದುವರಿಸಬಹುದೆಂಬ ಅವಕಾಶ 1991ರಲ್ಲಿ ಸಂವಿಧಾನದಲ್ಲಿ ಸೇರಿತು. ನಮ್ಮಲ್ಲಾದರೋ, 2018ರ ತಿದ್ದುಪಡಿಯು ಅಧಿಕಾರಿಗಳು ಕೈಗೊಂಡ ನಿರ್ಧಾರಗಳ ತನಿಖೆಗೆ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು.

ಕೊನೆಯದಾಗಿ ನಮ್ಮನ್ನೇ ಕೇಳಿಕೊಳ್ಳೋಣ. ಹದಿನೈದು ದಿನಗಳ ರಜೆಯಲ್ಲಿ ಊರಿಗೆ ಹೋದಾಗ, ತಂದೆಯ ಮನೆಯ ಖಾತೆ ಬದಲಾಗಬೇಕೆಂದು ನಾವು ಮೇಜಿನ ಕೆಳಗೆ ಕೈ ಚಾಚಿಲ್ಲವೇ? ನಮಗೆ ಅದು ಉಳಿಸಿದ ಸಮಯ. ನಮ್ಮ ಹಿಂದೆ ನಿಂತ ರೈತನಿಗೆ ಏರಿದ ದರ. ಪ್ರಮಾಣಪತ್ರ ಸಹಿತ ದೂರು ಸಲ್ಲಿಸುವ ಹಾದಿ ಲೋಕಾಯುಕ್ತದಲ್ಲಿದೆ. ಅದು ನಿಧಾನದ ಹಾದಿ, ನಿಜ. ಆದರೆ ದೂರುವವರಿಲ್ಲದ ಊರಿನಲ್ಲಿ ಕೋಲಿದ್ದೂ ಕಾವಲುಗಾರನೇನು ಮಾಡಿಯಾನು?