ಶ್ರದ್ಧಾಂಜಲಿಯಲ್ಲಿ ಬಿಟ್ಟುಹೋಗುವ ಸಾಲು

ಬಸವನಗುಡಿಯಲ್ಲೋ ಚಾಮರಾಜಪೇಟೆಯಲ್ಲೋ ಹಿರಿಯರೊಬ್ಬರು ತೀರಿಕೊಂಡರೆ, ಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಹುದ್ದೆ, ಮಕ್ಕಳು, ಮೊಮ್ಮಕ್ಕಳು, ವೈಕುಂಠ ಸಮಾರಾಧನೆಯ ದಿನ ಎಲ್ಲ ಇರುತ್ತದೆ. ಅವರು ಫುಟ್‌ಬಾಲ್ ಪ್ರೇಮಿಯಾಗಿದ್ದರೆ ಆ ಮಾತು ಮಾತ್ರ ಬಿಟ್ಟುಹೋಗುತ್ತದೆ. ಇದು ಸಣ್ಣ ಲೋಪವಲ್ಲ ಎಂಬುದು ನನ್ನ ವಾದ. ಮೈಸೂರು ರಾಜ್ಯದ ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಕರ್ನಾಟಕ ಅದನ್ನು ಮತ್ತೆ ಎತ್ತಿಹಿಡಿದದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವಿನ 54 ವರ್ಷ ಆಟ ಉಳಿದದ್ದು ಕಪ್ಪಿನ ಆಸೆಯಿಂದಲ್ಲ. ಆಡುವವರ ಜೊತೆಗೆ, ಕಚೇರಿ ಮುಗಿಸಿ ಟಿಕೆಟ್ ಕೊಂಡು, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ ಸಂಸಾರಸ್ಥರೂ ಅದನ್ನು ಕಾಪಾಡಿದರು.

ಫುಟ್‌ಬಾಲ್ ದಂಡಿನವರ ಆಟ, ನಮ್ಮ ಕಡೆಯದು ಕ್ರಿಕೆಟ್ ಎನ್ನುವವರಿದ್ದಾರೆ. ಅರ್ಧ ನಿಜ. ಆದರೆ 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಹೆಸರಿನಲ್ಲಿರುವುದು ಇಡೀ ಊರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 1-10ರಿಂದ ಸೋತಾಗ ಆ ಒಂದೇ ಗೋಲು ಹೊಡೆದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಊರಿನ ಹೆಮ್ಮೆಗೆ ಬಡಾವಣೆಯ ಗಡಿ ಏಕೆ?

ಆಟದ ಹುಚ್ಚು ಮನೆಯ ಹೊತ್ತನ್ನು ತಿನ್ನುತ್ತದೆ ಎಂಬುದು ಇದಕ್ಕಿಂತ ಗಟ್ಟಿ ಆಕ್ಷೇಪ. ತಿನ್ನುತ್ತದೆ, ಒಪ್ಪಬೇಕು. ಆ ಸಂಜೆಗಳಲ್ಲಿ ಮನೆ ತೂಗಿಸಿದವರು ಹೆಂಡತಿ. ಹಾಗಾಗಿ ಆಟದ ಮಾತು ಬರೆಯುವಾಗ ಅವರ ಹೆಸರೂ ಅದೇ ಸಾಲಿನಲ್ಲಿ ಬರಲಿ.